ನಾಲ್ಕು ಅಂದರೆ ಸೊನ್ನೆ

ಗಿಣಿಗೇರಿಯ ಉಕ್ಕಿನ ಶೆಡ್ಡು. ಬೆಳಿಗ್ಗೆ ಹತ್ತಕ್ಕೇ
ತಗಡು ಚಟಚಟ ಅನ್ನುತ್ತದೆ.
ಡಬ್ಬಿಯಿಂದ ತೆಗೆದದ್ದು ಅಂಗೈಯಗಲದ ಯಂತ್ರ.
ಬಾಣಂತಿಯ ಮಗ್ಗುಲಿಂದ ಕೂಸನ್ನು ಎತ್ತಿಕೊಂಡ ಹಾಗೆ
ಎರಡೂ ಕೈಲಿ ಹಿಡಿದರು ದಾವಲಸಾಬ್.
ಅದರ ಎರಡು ಬಾಯಿಗೂ ಕೆಂಪು ಬಿರಡೆ.
"ಈಗ ಬಿಚ್ಚಬ್ಯಾಡ ಹೊನ್ನೂರವ್ವ,
ಈ ಊರಿನ ಧೂಳಿಗೆ ತೂತು ಕಂಡ್ರ ಸಾಕು,
ಕರಿಯೂತನ ಕಾಯೂದಿಲ್ಲ."

ಮೈಮೇಲೆ ಒಂದು ಬಾಣದ ಗುರುತು,
ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಬೇಕೆಂದು.
ಹೋದ ಮಳೆಗಾಲ ಗುತ್ತಿಗೆಯ ಹುಡುಗರು
ತಿರುವುಮುರುವು ಕೂಡಿಸಿ
ಎರಡು ದಿನ ಕಂಪ್ಯೂಟರಿಗೆ ಬೈದಿದ್ದರಂತೆ.
ನಾನು ಟ್ಯಾಂಕಿನಿಂದ ಲ್ಯಾಡಲ್‌ವರೆಗೆ
ಪೈಪಿನ ಗುಂಟ ನಡೆದು ನೋಡಿ ಬಂದೆ.
ನೂರಾ ಏಳು ಹೆಜ್ಜೆ.

ಮೊದಲು ಬರೀ ಪೈಪನ್ನು ಊದಿಸಿದೆವು.
ಬಿಳಿ ಬಟ್ಟೆ ಹಿಡಿದರೆ ಕಪ್ಪು ಬಿತ್ತು, ಆಮೇಲೆ ಬೂದು,
ಏಳನೆಯ ಸಲ ಬಟ್ಟೆ ಬಟ್ಟೆಯಾಗಿಯೇ ಉಳಿಯಿತು.
ನಟ್ಟು ಕೈಯಲ್ಲಿ ಬಿಗಿ,
ಅಲ್ಲಿಂದ ಪಾನಾ ಹಾಕಿ ಒಂದೂಕಾಲು ಸುತ್ತು.
ಒಂದೂವರೆ ಅಲ್ಲ.
"ಬಿಗಿದಷ್ಟೂ ಭದ್ರ ಅನ್ನೂದು ಮೂಟಿ ಹೊಲಿಯೋರ ಲೆಕ್ಕ."
ಸೋಪಿನ ನೀರು ಹಚ್ಚಿ ಉಸಿರು ಹಿಡಿದು ನೋಡಿದೆ:
ಒಂದು ಗುಳ್ಳೆ, ಸಾಸಿವೆಯಷ್ಟು.
ಬಿಚ್ಚಿ ಮತ್ತೆ.

ಆರ್ಗಾನ್,
ಯಾವುದರ ಜೊತೆಗೂ ಬೀಗತನ ಮಾಡದ ಗಾಳಿ.
ಕುದಿವ ಉಕ್ಕಿನ ತಳದಿಂದ ನುಗ್ಗಿ, ಕಲಕಿ,
ತನಗೆಂದು ಏನನ್ನೂ ಇಟ್ಟುಕೊಳ್ಳದೆ ಮೇಲೆದ್ದು ಹೋಗುತ್ತದೆ.
ಇಂಥದ್ದನ್ನು ಅಳೆಯುವುದು ಹೇಗೆ?
ಯಂತ್ರದೊಳಗೆ ಕೂದಲೆಳೆಯಂಥ ನಳಿಗೆ,
ಅದಕ್ಕೆ ಎರಡು ಬಿಸಿ ಸುತ್ತು.
ಮೊದಲನೆಯದರ ಬಿಸಿಯನ್ನು ಎರಡನೆಯದರ ಕಡೆಗೆ
ಎಷ್ಟು ಹೊತ್ತೊಯ್ದಿತೋ ಅಷ್ಟು ಗಾಳಿ,
ಹೊರೆ ನೋಡಿ ಹಮಾಲರನ್ನು ಎಣಿಸಿದ ಹಾಗೆ.
ಬಿಸಿಲಿಗೆ ಉಬ್ಬಿ ಬಂದರೂ ಇದು ಮೋಸ ಹೋಗುವುದಿಲ್ಲ;
ಗಂಜಿನಲ್ಲಿ ತೂಕದವನು
ಚೀಲದ ದಪ್ಪ ನೋಡಿ ಚೀಟಿ ಬರೆಯುತ್ತಾನೆಯೇ?

ಊಟ ಆದಮೇಲೆ ವೈರು.
ಇಪ್ಪತ್ನಾಲ್ಕು ವೋಲ್ಟಿಗೆ ಕೆಂಪು, ಕಪ್ಪು.
ಹೇಳುವುದಕ್ಕೊಂದು ಜೋಡಿ, ಕೇಳುವುದಕ್ಕೊಂದು ಜೋಡಿ,
ಜಡೆಯ ಹಾಗೆ ಹೊಸೆದವು.
ಮೇಲಿನ ತಾಮ್ರದ ಜಾಲರಿಯನ್ನು
ಒಂದೇ ತುದಿಯಲ್ಲಿ ಭೂಮಿಗೆ ಕಟ್ಟಬೇಕು.
ಎರಡೂ ಕಡೆ ಕಟ್ಟಿದರೆ ಪಕ್ಕದ ಕ್ರೇನಿನ ಗೊಣಗಾಟವೆಲ್ಲ
ಇದರ ಮಾತಿನೊಳಗೆ ಬಂದು ಕೂರುತ್ತದೆ.
ಅರ್ಧ ತಾಸು ಬೆಚ್ಚಗಾಗಲು ಬಿಟ್ಟು
ಗಾಳಿ ಪೂರ್ತಿ ಮುಚ್ಚಿ ಮೀಟರ್ ಹಿಡಿದೆ:
ನಾಲ್ಕು ಮಿಲಿಆಂಪ್.

"ಸೊನ್ನಿ ಯಾಕ ತೋರ್ಸವಲ್ದು ಚಾಚಾ?"
"ನಾಲ್ಕ ಅಂದ್ರನ ಸೊನ್ನಿ.
ನಾ ಅದೀನಿ, ಗಾಳಿ ಇಲ್ಲ ಅಂತ ಹೇಳಾಕತ್ತೈತಿ.
ಖರೇ ಸೊನ್ನಿ ಬಂತಂದ್ರ
ವೈರ್ ಹರದೈತಿ ಅಂತ ತಿಳ್ಕೊ."

ಅವರ ಜೇಬಿನ ಫೋನು ದಿನಾ ಮೂರಕ್ಕೆ
ಒಂದೇ ಒಂದು ಸಲ ರಿಂಗಾಗಿ ನಿಲ್ಲುತ್ತದೆ. ಎತ್ತುವುದಿಲ್ಲ.
ಮುನಿರಾಬಾದಿನಿಂದ ಅವರ ಹೆಂಡತಿ ಚಾಂದಬೀ:
ಹೇಳುವಂಥದ್ದೇನಿಲ್ಲ, ಇದ್ದೇನೆ.

ಇವತ್ತು ಮೂರೂಕಾಲಾಯಿತು.
ಗೇಜು ನೋಡುತ್ತಲೇ ಅವರ ಎಡಗೈ ಜೇಬು ಮುಟ್ಟಿತು.
ಮೂರೂವರೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟರು.
ನಾನು ಕಾಣದವಳ ಹಾಗೆ
ಟರ್ಮಿನಲ್ ಪಟ್ಟಿಯ ನಂಬರುಗಳನ್ನು
ಒಂದರಿಂದ ಒಂಬತ್ತು, ಒಂಬತ್ತರಿಂದ ಒಂದು
ಓದುತ್ತಾ ಕೂತೆ.

ಬಂತು ಕಡೆಗೆ. ಕ್ರೇನಿನ ಸೈರನ್ನಿನೊಳಗೆ ಅರ್ಧ ರಿಂಗು.
"ಚಾರ್ಜ್ ಇರಾಕಿಲ್ಲ," ಅಂದರು, ನನಗಲ್ಲ.
ಸ್ಕ್ರೂಡ್ರೈವರ್ ಎಲ್ಲಿಟ್ಟೆ ಅಂತ ಹುಡುಕಿದರು,
ಕಾಲ ಬುಡದಲ್ಲೇ ಇತ್ತು.
"ಹ್ಞೂ, ಬಿಡವಾ ಗಾಳಿ."

ನಿಧಾನ ಏರಿಸಿದೆ. ಐದು. ಎಂಟು. ಹನ್ನೆರಡು.
ದೂರದಲ್ಲಿ, ಲ್ಯಾಡಲಿನ ಬೂದಿ ಬಣ್ಣದ ಕೆನೆ ಸೀಳಿ
ಬಿಳಿಯ ಕಣ್ಣೊಂದು ತೆರೆಯಿತು.