ಒಂಬತ್ತು ಗಂಟೆ ತಡ

ಟೊರಾಂಟೊದಿಂದ ವ್ಯಾಂಕೂವರಿಗೆ ನಾಲ್ಕು ರಾತ್ರಿ.
ಹಾಸಿಗೆ ಬಿಚ್ಚುವುದು, ಬೆಳಗಾದರೆ ಗೋಡೆಗೆ ಮಡಚುವುದು,
ಹೆಪ್ಪುಗಟ್ಟಿದ ಬಾಗಿಲ ಕೀಲಿಗೆ ಬಿಸಿನೀರು ಹೊಯ್ಯುವುದು
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ಈ ಸಲ ನನ್ನ ಬೋಗಿಯಲ್ಲಿ ಏಳು ಮಂದಿ ರೈಲುಹುಚ್ಚರು.
ಉಳಿದವರು ಬೆಟ್ಟ ನೋಡಲು ಬಂದವರು,
ಇವರು ಗಾಲಿಯ ಸದ್ದು ಕೇಳಲು.
ಬೋಗಿ ಹುಟ್ಟಿದ ಇಸವಿ, ಕಾರ್ಖಾನೆ,
ಯಾವ ಚಳಿಗಾಲದಲ್ಲಿ ಯಾವ ಗಾಜು ಬದಲಾಯಿತು,
ನನಗಿಂತ ಇವರಿಗೇ ಚೆನ್ನಾಗಿ ಗೊತ್ತು.
ಡೋರೀನ್ ಮಕ್ಲಾಕ್ಲನ್ ಕಣ್ಣು ಮುಚ್ಚಿಯೇ ಹೇಳುತ್ತಾಳೆ:
"ಈಗ ಸೇತುವೆ. ಮರದ್ದಲ್ಲ, ಕಬ್ಬಿಣದ್ದು."
ಗಾಸ್ತೋ ತೆರಿಯೋ ಸೂಪಿನ ಬಟ್ಟಲು ತುಳುಕುವುದನ್ನು ನೋಡಿ
ತಿರುವು ಎಷ್ಟು ಡಿಗ್ರಿ ಎಂದು ಬರೆದುಕೊಳ್ಳುತ್ತಾನೆ,
ಸೂಪು ಆರುತ್ತದೆ.

ಓರೆಸ್ಟ್ ಪಿಲಿಪಿವ್ ಮಾತ್ರ ಮಾತು ಕಡಿಮೆ.
ಎಪ್ಪತ್ತೆಂಟು. ಸಾಸ್ಕಾಚೆವಾನಿನ ಮೆಲ್ವಿಲ್ಲಿನಲ್ಲಿ
ಸಿಗ್ನಲ್ ತಂತಿ ಬೆಸೆದ ಕೈ.
ಅವನ ಬಳಿ ಒಂದು ನಕ್ಷೆ, ಮಡಿಕೆಗಳಿಗೆಲ್ಲ ಟೇಪು.
ಕಂಡ ಹಳಿಗೆ ಕೆಂಪು ಪೆನ್ಸಿಲ್.
ನಿದ್ದೆಯಲ್ಲಿ ದಾಟಿದ್ದು ಲೆಕ್ಕಕ್ಕಿಲ್ಲ.
ಕತ್ತಲಾದರೆ ಬೆಳದಿಂಗಳಾದರೂ ಇರಬೇಕು.
ಪಡುವಣಕ್ಕೆ ಹೋದದ್ದು ಬೇರೆ, ಮೂಡಣಕ್ಕೆ ಬಂದದ್ದು ಬೇರೆ,
ಹಳಿ ಒಂದೇ ಆದರೂ.
"ಕನ್ನಡಿಯಲ್ಲಿ ಹಿಡಿದರೆ ಪುಸ್ತಕ ಓದಿದ ಹಾಗಾಯಿತೇ?"
ಎನ್ನುವುದು ಅವನ ವಾದ.

ದೇಶದುದ್ದಕ್ಕೂ ಕೆಂಪು.
ಹಾರ್ನ್‌ಪೇನ್ ದಾಟಿ ನಕೀನಾ ಮುಟ್ಟುವ ನಡುವೆ ಮಾತ್ರ
ಹೆಬ್ಬೆರಳಿನಷ್ಟು ಬಿಳಿ.

ಆ ಬಿಳಿ ನನ್ನದು.
ಹನ್ನೊಂದು ವರ್ಷದ ಹಿಂದೆ, ಜನವರಿ, ಹುಣ್ಣಿಮೆ.
"ಮೂರಕ್ಕೆ ಎಬ್ಬಿಸು" ಅಂದಿದ್ದ.
ಹೂಂ ಅಂದಿದ್ದೆ.
ಕಾರಿಡಾರಿನ ಮಡಚುಕುರ್ಚಿಯಲ್ಲಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.
ಎರಡೂವರೆಗೆ ಎಣ್ಣೆ ಮುಗಿಯಿತು.
ಬೆಳಿಗ್ಗೆ ಕಾಫಿ ಒಯ್ದಾಗ ಬೈಯಲಿಲ್ಲ ಅವನು.
ಸಕ್ಕರೆ ಎರಡು ಚಮಚ, ಅಂದ, ಅಷ್ಟೆ.

ಈ ಸಲ ನನ್ನ ಗುರುತು ಹಿಡಿದನೋ ಇಲ್ಲವೋ.
ನಾನೂ ಕೇಳಲಿಲ್ಲ.

ಕೇಪ್ರಿಯಾಲ್ ಬಿಡುವಾಗಲೇ ಮೈನಸ್ ಮೂವತ್ತೆಂಟು.
ಚಳಿಗೆ ಎಲ್ಲೋ ಮುಂದೆ ಹಳಿ ಸೀಳಿತಂತೆ.
ಸೈಡಿಂಗಿನಲ್ಲಿ ನಿಂತೆವು. ಬೆಸೆದರು.
ಬೆಸೆದ ಮೇಲೆ ಮೊದಲು ಸರಕು, ಆಮೇಲೆ ಜನ,
ಅದು ಇಲ್ಲಿಯ ಧರ್ಮ.
ಒಂದು ಗೂಡ್ಸ್ ಹೋಯಿತು, ಗೋಧಿ.
ಇನ್ನೊಂದು, ಪೊಟ್ಯಾಷ್.
ಮೂರನೆಯದಕ್ಕೆ ಇನ್ನೂರ ಹನ್ನೆರಡು ಡಬ್ಬಿ:
ಎಣಿಸಿದವನು ಗಾಸ್ತೋ, ಪೈಜಾಮದಲ್ಲೇ, ಕುಣಿಯುವುದೊಂದು ಬಾಕಿ.
ಬೆಟ್ಟದವರು ನನ್ನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ.
ಒಂಬತ್ತು ಗಂಟೆ ತಡ!
ಕ್ಷಮಿಸಿ, ಕ್ಷಮಿಸಿ, ಎನ್ನುತ್ತ ಬಿಸ್ಕತ್ತು ಹಂಚಿದೆ
ಒಳಗೊಳಗೇ ಕೂಡಿಸುತ್ತ:
ಮೂರಕ್ಕೆ ಒಂಬತ್ತು ಸೇರಿದರೆ ನಡುಹಗಲು.

ಅವನ ಬಾಗಿಲು ತಟ್ಟಿದೆ,
ಹನ್ನೊಂದು ವರ್ಷ ತಡವಾಗಿ.
ಬೂಟು ಹಾಕಿ, ಟೈ ಕಟ್ಟಿ ಕೂತಿದ್ದ.

ಗಾಜಿನ ಮಾಳಿಗೆಯಲ್ಲಿ ಉಳಿದ ಆರೂ ಜನ
ಮುಂದಿನ ಸೀಟು ಬಿಟ್ಟುಕೊಟ್ಟರು.
ಏನಿತ್ತು ಅಲ್ಲಿ?
ಸ್ಪ್ರೂಸ್ ಮರ. ಕೆರೆಯಿದ್ದ ಜಾಗದಲ್ಲಿ ಬಯಲು. ಸ್ಪ್ರೂಸ್.
ಛಾವಣಿ ಕುಸಿದ ಒಂದು ಗ್ಯಾಂಗ್‌ಮನ್ ಮನೆ.
ಮೂಸಿನ ಹೆಜ್ಜೆಗಳು ಹಳಿಯವರೆಗೆ ಬಂದು,
ಯೋಚಿಸಿ, ಹಿಂದಿರುಗಿದ್ದು.
ಮತ್ತೆ ಸ್ಪ್ರೂಸ್.
ಡೋರೀನ್ ಕೂಡ ಕಣ್ಣು ತೆರೆದಿದ್ದಳು.

ನಕೀನಾದಲ್ಲಿ ಪೆನ್ಸಿಲ್ ತೆಗೆದ.
ಬೋಗಿ ಅಲುಗಿತು, ಗೆರೆ ಒಂದು ಕೆರೆಯೊಳಕ್ಕೆ ಜಾರಿತು.
ಯಾರದೋ ಚಪ್ಪಾಳೆ, ಯಾರದೋ ವಿಸ್ಕಿ.
ನಕ್ಷೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.
"ವ್ಯಾಂಕೂವರಿಗೆ ಇನ್ನೂ ಎಷ್ಟು ದಿನ?"
ರೈಲಿನಲ್ಲಿ ಆ ಪ್ರಶ್ನೆ
ಅವನು ಕೇಳಿದ್ದು ಅದೇ ಮೊದಲಿರಬೇಕು.

ಸಂಜೆ ಹಾಸಿಗೆ ಬಿಚ್ಚಲು ಹೋದೆ.
ಕಿಟಕಿಯಲ್ಲಿ ಪುಟ್ಟ ರೇಡಿಯೋ ಗೊರಗುಡುತ್ತಿತ್ತು.
ಹಳಿಪಕ್ಕದ ಯಂತ್ರವೊಂದು, ಯಾರೂ ಇಲ್ಲದ ಕಾಡಿನಲ್ಲಿ,
ದಾಟಿದ ಪ್ರತಿ ಗಾಡಿಯ ಮೈ ಮುಟ್ಟಿ ನೋಡಿ ಹೇಳುವ ಮಾತು:
ಅಚ್ಚು ಎಂಬತ್ತೆಂಟು. ದೋಷವಿಲ್ಲ.

ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸಲಿ, ಕೇಳಿದೆ.
ಹೊರಗಿನ ಕತ್ತಲನ್ನೇ ನೋಡುತ್ತಿದ್ದ.
ಬಾಗಿಲು ಎಳೆಯುವ ಹೊತ್ತಿಗೆ ಅಂದ:
"ಸಕ್ಕರೆ ಈಗ ಒಂದೇ ಚಮಚ."