ಶೇಷ

ಎಣಿಕೆಗೆ ನನ್ನ ಪಾಲಿಗೆ ಬಂದದ್ದು ಮೂರನೇ ಟೇಬಲ್ಲು,
ನನ್ನದೇ ಕ್ಲಾಸು, ಹತ್ತನೇ ಎ.
ಶುಕ್ರವಾರ ಬರೆದ ಅನುಪಾತದ ಲೆಕ್ಕ
ಬೋರ್ಡಿನ ಮೂಲೆಯಲ್ಲಿ ಅರ್ಧ ಒರೆಸಿ ಉಳಿದಿತ್ತು.

ವಿರಾಜಪೇಟೆಗೆ ಹದಿನೆಂಟು ವಾರ್ಡು.
ಸೀಲು ಒಡೆದು ಗುಂಡಿ ಒತ್ತಿದರೆ ಯಂತ್ರ
ಬಾಲ ತುಳಿಸಿಕೊಂಡ ಮರಿಯಂತೆ ಕುಂಯ್ ಅನ್ನುತ್ತದೆ,
ಆಮೇಲೆ ಅಂಕಿ.
ಒಂದರಲ್ಲಿ ಏಣಿ ಗೆದ್ದಿತು, ಕೊಡ ಎರಡನೆಯದು.
ಎರಡರಲ್ಲಿ ಗಾಳಿಪಟ, ಕೊಡ ಎರಡನೆಯದು.
ಏಳರಲ್ಲಿ ಹತ್ತೊಂಬತ್ತು ಓಟು ಸಾಲದೆ ಕೊಡ ಎರಡನೆಯದು.
ಹದಿನಾಲ್ಕರಲ್ಲಿ ನಾಲ್ಕು.
ಮತ್ತೆ ಒತ್ತಿ ನೋಡಿದೆವು. ನಾಲ್ಕೇ.

ಕೊಡದ ಏಜೆಂಟು ಸಿರಿಲ್, ಮೀನುಪೇಟೆಯ ಪ್ಲಂಬರು,
ಪ್ರತಿ ಸಲ ಪೆನ್ಸಿಲಿನ ತುದಿ ನಾಲಗೆಗೆ ಮುಟ್ಟಿಸಿ ಬರೆದುಕೊಂಡ.
ಒಮ್ಮೆಯೂ ತಕರಾರು ಮಾಡಲಿಲ್ಲ.
ಹೋಗುವಾಗ ಮಾತ್ರ, "ಟೀಚರೇ, ಎಲ್ಲಾ ವಾರ್ಡು ಸೇರಿಸಿದರೆ
ನಮ್ಮದು ಎಷ್ಟಾಗುತ್ತದೆ?" ಎಂದ.
ಸೇರಿಸುವುದು ನನ್ನ ಡ್ಯೂಟಿಯಲ್ಲ.
ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೂ ಇರಲಿಲ್ಲ.

ಹೊರಗೆ ಜೀಪಿನ ಮೇಲೆ ನಿಜವಾದ ಒಂಟಿ ಬಿದಿರೇಣಿ,
ಯಾರದೋ ತೋಟದಿಂದ ತಂದದ್ದು, ಮೆಣಸು ಕೊಯ್ಯುವಂಥದು.
ಗೆದ್ದವನು ಅದರ ಎರಡನೇ ಮೆಟ್ಟಿಲಿಗೆ ಹತ್ತಿ
ಇಳಿಯಲು ಗೊತ್ತಾಗದೆ ನಗುತ್ತಾ ನಿಂತಿದ್ದ.

ರಾತ್ರಿ ಕರೆಂಟು ಬಿಲ್ಲಿನ ಬೆನ್ನಿಗೆ ಕೂಡಿಸಿದೆ.
ಏಣಿ: ನಾಲ್ಕು ಸಾವಿರದ ನೂರ ಹದಿನೇಳು. ಹನ್ನೊಂದು ಕುರ್ಚಿ.
ಗಾಳಿಪಟ: ಎರಡು ಸಾವಿರದ ಐನೂರ ಎಪ್ಪತ್ತನಾಲ್ಕು. ಏಳು.
ಕೊಡ: ಎರಡು ಸಾವಿರದ ಮುನ್ನೂರ ನಲವತ್ತೈದು.
ಕುರ್ಚಿ ಇಲ್ಲ. ಸ್ಟೂಲೂ ಇಲ್ಲ.

ಕಾಫಿ ಮಾರುವ ಊರು ಇದು.
ಚೆರ್ರಿ ಚೀಲದಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ ತೂಗಿ,
ಐವತ್ತು ಕೆಜಿಗೆ ಬೀಜ ಇಪ್ಪತ್ತಾರೋ ಇಪ್ಪತ್ತಾರೂವರೆಯೋ ಎಂದು
ಅಂಗಡಿ ಕಟ್ಟೆಯಲ್ಲಿ ಅರ್ಧ ದಿನ ಜಗಳ ಆಡುತ್ತೇವೆ.
ಆ ಅರ್ಧ ಕೆಜಿಯನ್ನು ಯಾರೂ ಬಿಟ್ಟುಕೊಟ್ಟದ್ದು ನಾನು ಕಾಣೆ.

ಬೇಟೆ ತಪ್ಪಲ್ಲದ ಕಾಲದ ಮಾತು ಅಜ್ಜ ಹೇಳುತ್ತಿದ್ದರು.
ಹಂದಿ ಬಿದ್ದರೆ ಹೊಡೆದವನಿಗೆ ತೊಡೆ,
ಪೊದೆ ಬಡಿದವರಿಗೆ ಒಂದೊಂದು ಪಾಲು,
ಬರೀ ಕೂಗಿದವನಿಗೂ ಪಾಲು,
ನಾಯಿಗೂ, ಅದರ ಹೆಸರು ಕರೆದು.
ಗುರಿಯಿಟ್ಟವನೇ ಇಡೀ ಹಂದಿ ಹೊತ್ತು ಮನೆಗೆ ಹೋದ ಕತೆ
ನಾನು ಕೇಳಿಲ್ಲ. ಅಂಥವನ ಜೊತೆ ಮರುದಿನ
ಯಾವ ನಾಯಿ ಕಾಡಿಗೆ ಹೋದೀತು?

ಒಂಬತ್ತು ಸಾವಿರದ ಮೂವತ್ತಾರನ್ನು ಹದಿನೆಂಟರಿಂದ ಭಾಗಿಸಿದೆ.
ಕುರ್ಚಿಯೊಂದಕ್ಕೆ ಐನೂರ ಎರಡು ಜನ.
ಏಣಿಗೆ ಎಂಟು, ಗಾಳಿಪಟಕ್ಕೆ ಐದು, ಕೊಡಕ್ಕೆ ನಾಲ್ಕು.
ಹದಿನೇಳೇ ಆಯಿತು.
ಮೂವರ ಕೈಯಲ್ಲೂ ಚೂರು ಚೂರು ಶೇಷ,
ನೂರೊಂದು, ಅರವತ್ತನಾಲ್ಕು, ಮುನ್ನೂರ ಮೂವತ್ತೇಳು.
ದೊಡ್ಡ ಶೇಷದವರಿಗೆ ಕೊನೆಯ ಕುರ್ಚಿ
ಎಂಬ ಲೆಕ್ಕ ಕೆಲವು ದೇಶಗಳಲ್ಲಿ ಉಂಟು.
ಕ್ಲಾಸಿನಲ್ಲಿ ನಾನು ಶೇಷವನ್ನು ಬದಿಗೆ ಬರೆಸಿ
ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ, ಇಪ್ಪತ್ತೆರಡು ವರ್ಷ.

ಹಾಗಾದರೆ ಐದನೆಯವಳು ಬೀಪಾತುಮ್ಮ ಇರಬೇಕು,
ಹದಿನಾಲ್ಕರವಳು. ನಲ್ಲಿಯಲ್ಲಿ ನೀರು ಬಂದ ತಾರೀಕು, ಗಂಟೆ
ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ
ಬಟ್ಟೆಗೆ ಗೆರೆ ಎಳೆಯುವ ಚಾಕಿನಲ್ಲಿ ಗೀಚಿಟ್ಟವಳು.
ಪ್ರಚಾರಕ್ಕೆ ಜನರನ್ನು ಒಳಗೆ ಕರೆದು ಆ ಗೋಡೆ ತೋರಿಸಿದಳಂತೆ, ಅಷ್ಟೇ.

ಸೋಮವಾರ ಶಾಲೆಯ ಸೋರುವ ನಲ್ಲಿಗೆ ಸಿರಿಲ್ ಬಂದ.
ಕಾಗದ ಕೊಟ್ಟೆ. ತಲೆ ಕೆಳಗೆ ಹಾಕಿ ಎರಡು ಸಲ ಓದಿದ.
"ಇದನ್ನು ಎಲ್ಲಿ ಕೊಡಬೇಕು ಟೀಚರೇ?"
ನನಗೆ ಮಾತು ಬರಲಿಲ್ಲ. ಅವನೇ ಮಗುಚಿ ನೋಡಿ,
"ಅಯ್ಯೋ, ಇವತ್ತೇ ಕೊನೇ ದಿನ, ಫೀಸು ಕೀಳುತ್ತಾರೆ" ಎಂದ.

ಕೌಂಟರಿನ ಹುಡುಗಿ ದುಡ್ಡು ಎಣಿಸಿಕೊಂಡು
ಬಿಲ್ಲನ್ನು ಸ್ಕೇಲಿಟ್ಟು ಅರ್ಧಕ್ಕೆ ಹರಿದಳು.
ಏಣಿಯೂ ಗಾಳಿಪಟವೂ ನನ್ನ ಪರ್ಸಿನಲ್ಲಿ ವಾಪಸು ಬಂದವು.
ಕೊಡದ ಸಾಲು ಈಗ ಕರೆಂಟು ಆಫೀಸಿನ ಕಡತದಲ್ಲಿದೆ,
ತಾರೀಕು, ಸಹಿ, ನೀಲಿ ಸೀಲು ಸಮೇತ.