ಹದಿನೈದನೇ ತಾರೀಖು

ಸಂಬಳ ಕೊಡದವಳಿಗೆ ಗದರುವ ಹಕ್ಕಿಲ್ಲ.
ಅದಕ್ಕೇ ಕೇಳುತ್ತೇನೆ: ಸುಹರಾ, ಊಟ ಆಯಿತೇ?
ಆಮೇಲೆ ಮೆಲ್ಲಗೆ: ಆ ಅರ್ಕಾವೊತ್ತು?

ಸಿದ್ದಾಪುರದ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ
ನಮ್ಮ ಕೀಲಿಮಣೆಯ ಒಂದೊಂದೇ ಅಕ್ಷರ
ಒತ್ತಿ ನೋಡುತ್ತಾಳೆ ಅವಳು.
ನಾಪೋಕ್ಲಿನ ಕುಶಾಲಪ್ಪ ಮೇಷ್ಟ್ರದು
'ಉಳಿಸು' ಸರಿಯೋ 'ಕಾಪಿಡು' ಸರಿಯೋ ಎಂದು
ಮೂರು ವಾರದ ಜಗಳ.
ಕೋಡ್ ಬರೆದ ಹುಡುಗ ಪರೀಕ್ಷೆಗೆ ಹೋದವನು
ಫೋನೇ ಎತ್ತುತ್ತಿಲ್ಲ.

ಗೋಣಿಕೊಪ್ಪದ ಮಹಡಿ, ಕೆಳಗೆ ಗೊಬ್ಬರದಂಗಡಿ,
ಹೋಗಿ ಬಂದು ಹೋಗುವ ಕರೆಂಟು.
ಹದಿನಾಲ್ಕರ ರಾತ್ರಿ.
ಮಾತು ಕೇಳಿ ಬರೆಯುವ ಹೊಸ ಸೌಲಭ್ಯ
'ಮಗು' ಎಂದರೆ 'ನಗು' ಎನ್ನುತ್ತದೆ ಇನ್ನೂ.
ಚೆಂದದ ತಪ್ಪು. ಆದರೂ ತಪ್ಪು.

ಕಾಫಿ ಕೊಯ್ಯುವಾಗ ದೇಚಮ್ಮತ್ತೆ
ಹಸಿರುಕಾಯಿ ಬೆರೆತ ಚೀಲವನ್ನು ಅಲ್ಲೇ ಸುರಿಸುತ್ತಿದ್ದಳು;
ಬೈಯುತ್ತಿರಲಿಲ್ಲ,
ಪಕ್ಕದಲ್ಲಿ ಕೂತು ತಾನೂ ಆರಿಸುತ್ತಿದ್ದಳು.

ಅದನ್ನು ಗಿಡದಲ್ಲೇ ಬಿಟ್ಟೆ, ಮುಂದಿನ ಕೊಯ್ಲಿಗೆ.
ಮೇಷ್ಟ್ರಿಗೆ ಬರೆದೆ: 'ಉಳಿಸು' ಇರಲಿ.
'ಇರಲಿ. ನನ್ನ ಒಪ್ಪಿಗೆಯಿಲ್ಲವೆಂದು ದಾಖಲಾಗಲಿ.'
ದಾಖಲಿಸಿದೆ.

ಬೆಳಗಿನ ಆರಕ್ಕೆ ಬಿಡುಗಡೆ.
ಆರೂ ಹತ್ತಕ್ಕೆ ಸುಹರಾಳ ಸಂದೇಶ:
ಅಕ್ಕಾ, ತಿಂಡಿ ಆಯಿತೇ?

ಗೊತ್ತಾಯಿತು,
ಇನ್ನೊಂದು ತಪ್ಪು ಸಿಕ್ಕಿದೆ.